ಇಬ್ಬನಿ ಆರುವ ತನಕ

ಐದಾರು ವರ್ಷದ ಹಿಂದೆ ಆ ಬೆಳಗ್ಗೆ ನಿಜವಾಗಿ ಏನಾಯಿತೆಂದು ಆಣೆ ಮಾಡಿ ಹೇಳಲಾರೆ. ನೆನಪಿನಲ್ಲಿ ಎಲ್ಲದರ ಮೇಲೂ ಮಂಜು ಕವಿದಿದೆ. ನಮ್ಮೂರು ಬಿಳಿಚೋಡಿನಲ್ಲಿ ನಮ್ಮ ಹೊಲದ ಪಕ್ಕ ಒಬ್ಬರು ಕುರಿಗಾರರಿದ್ದರು. ಒದ್ದೆ ಹುಲ್ಲು ಮೇಯ್ದರೆ ಕುರಿಗೆ ರೋಗ ಬರುತ್ತದೆಂದು ಬಿಸಿಲೇರುವವರೆಗೆ ಕುರಿ ಕೂಡುವ ರೊಪ್ಪದ ಬಾಗಿಲು ತೆಗೆಯುತ್ತಿರಲಿಲ್ಲ. ಅಷ್ಟು ಹೊತ್ತೂ ವಚನದ ಪುಸ್ತಕದ ಒಂದೇ ಸಾಲಿನ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಕೂರುತ್ತಿದ್ದರು. "ದೇವರು ಅನ್ನೋದು ಐತಾ, ಮಾವ?" ಎಂದು ಕೆಣಕಿದರೆ, "ಇಬ್ಬನಿ ಆರ್ಲಿ ತಡಿಯಪ್ಪ" ಎನ್ನುತ್ತಿದ್ದರು. ಏನು ಕೇಳಿದರೂ ಅದೇ ಉತ್ತರ.

ಅಂದು ಹೊಸದಾಗಿ ಈದ ಕುರಿಯೊಂದು ತನ್ನ ಮರಿಯನ್ನು ಹತ್ತಿರ ಸೇರಿಸದೆ ಒದೆಯುತ್ತಿತ್ತು. ಹಾಲಿಲ್ಲದೆ ಮರಿಯ ಕೊರಳು ಜೋತುಬಿದ್ದಿತ್ತು. ಅವರು ಕುರಿಯ ಮುಂದೆ ಕುಳಿತು ಆ ಸಾಲನ್ನೇ ಜೋಗುಳದಂತೆ ಗುನುಗಿದರು. ಕುರಿ ಸುಮ್ಮನಾಯಿತು, ಮರಿ ಹಾಲು ಕುಡಿಯಿತು. ನನಗೆ ನೆನಪಿರುವುದು ಇಷ್ಟೇ.

ಅವರು ತೀರಿಕೊಂಡ ಮೇಲೆ, ಹೋದ ವರ್ಷ, ಅವರ ಹೆಂಡತಿಗೆ ಇದನ್ನು ಹೇಳಿದೆ. ಆಕೆ ನಕ್ಕುಬಿಟ್ಟರು. "ಅವರೇನೋ ಓದಿದ್ರು ಬಿಡಪ್ಪ. ಕುರಿ ಕಾಲು ಬಿಗಿಯಾಗಿ ಹಿಡ್ಕಂಡಿದ್ದು ನಾನು! ಒದೆ ತಿಂದಿದ್ದೂ ನಾನೇ!"

ನನ್ನ ನೆನಪಿನಲ್ಲಿ ಆಕೆ ಎಲ್ಲೂ ಇರಲಿಲ್ಲ. "ಹಂಗಾದ್ರೆ ಆ ಮರಿ?" ಎಂದು ಹೆದರುತ್ತಲೇ ಕೇಳಿದೆ.

ಆಕೆ ರೊಪ್ಪದ ಮೂಲೆಗೆ ಕೈ ತೋರಿದರು. ಮರಿ ಬದುಕಿತ್ತು. ಬೆಳೆದು ಕುರಿಯಾಗಿ ನಿಂತಿದ್ದ ಅದರ ಕೆಚ್ಚಲಿಗೆ ಮೂತಿಯಿಟ್ಟು ಅದರದೇ ಮರಿಯೊಂದು ಹಾಲು ಹೀರುತ್ತಿತ್ತು.