ಮೂರನೆಯ ದನಿ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಮಡಿಕೆ ಅಕ್ಕ ಎಂದೇ ಕರೆಯುತ್ತಿದ್ದರು. ಹೊಸಬರು ಅವಳ ಮನೆಯಲ್ಲಿ ಮಡಕೆ ಮಾಡುತ್ತಾರೇನೋ ಅಂದುಕೊಳ್ಳುತ್ತಿದ್ದರು. ಹೆಸರು ಬಂದದ್ದು ಕೈಗುಣದಿಂದ: ಅವಳು ಮಡಿಸಿದ ಹಾಸುಬಟ್ಟೆಯಲ್ಲಿ ಅಂಚಿಗೆ ಅಂಚು ಕೂರುತ್ತಿತ್ತು.

ಅಣ್ಣ ತೀರಿಕೊಂಡ ಮರುವಾರವೇ ಅವಳು ಕೆಲಸಕ್ಕೆ ಬಂದಳು. ಜೊತೆಯವಳು ಟೀ ತಂದುಕೊಟ್ಟು, “ಒಂದ್ಸಲ ಅತ್ತುಬಿಡಕ್ಕ, ಹಗುರ ಆಗತ್ತೆ” ಅಂದಳು. ಅಳು ಬರಬೇಕಲ್ಲ! ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಭಾನುವಾರ ಅತ್ತಿಗೆ ಫೋನ್ ಮಾಡಿ ಕರೆದಳು. ಹೋದರೆ, ಮೇಜಿನ ಮೇಲೆ ಅಪ್ಪನ ಹಳೆಯ ಗ್ರಾಮಫೋನ್ ರೆಕಾರ್ಡು. ನಾಲ್ಕು ತಂತಿವಾದ್ಯಗಳಿಗೆಂದು, ಒಂದೊಂದಕ್ಕೂ ಬೇರೆ ದನಿಯಿಟ್ಟು, ಯಾರೋ ಎಂದೋ ಬರೆದ, ತೀರಾ ನಿಧಾನವಾದ ಕೃತಿ. ಬಸ್ ಓಡಿಸುತ್ತಿದ್ದ ಅಪ್ಪನಿಗೆ ಅದೆಂದರೆ ಪ್ರಾಣ. ಮನೆಯಲ್ಲಿ ವಾದ್ಯಗಳಿರಲಿಲ್ಲ, ಗಂಟಲುಗಳಿದ್ದವು. ಊಟವಾದ ಮೇಲೆ ಪಾತ್ರೆ ತೊಳೆಯುವಾಗ ನಾಲ್ವರೂ ಅದನ್ನು ಗುನುಗಬೇಕು. ರಾಗವೆಲ್ಲ ಅಮ್ಮನದು, ಎರಡನೆಯ ದನಿ ಅಣ್ಣನದು, ಎಲ್ಲಕ್ಕಿಂತ ಕೆಳಗಿನದು ಅಪ್ಪನದು. ಇವಳ ಪಾಲಿಗೆ ಬಂದದ್ದು ಮೂರನೆಯದು. ಅದರಲ್ಲಿ ಹಾಡು ಅನ್ನುವಂಥದ್ದೇನೂ ಇರಲಿಲ್ಲ. ಒಂದೇ ಸ್ವರದ ಮೇಲೆ ಕೂತಿದ್ದು, ಮನಸ್ಸಿಲ್ಲದ ಮನಸ್ಸಿನಿಂದ ಪಕ್ಕದ ಸ್ವರಕ್ಕೆ ಸರಿಯುವುದು. ಇವಳು ಮುಖ ಊದಿಸಿಕೊಂಡರೆ ಅಪ್ಪ, “ನೀನು ನಿಲ್ಲಿಸಿದ್ರೆ ನಾವು ಮೂರೂ ಜನ ದಿಕ್ಕಾಪಾಲು ಕಣೇ” ಎಂದು ಪೂಸಿ ಹೊಡೆಯುತ್ತಿದ್ದ.

ಅಪ್ಪ ಅಮ್ಮ ಹೋಗಿ ವರ್ಷಗಳಾಗಿದ್ದವು. ಈಗ ಅಣ್ಣನೂ.

ಅತ್ತಿಗೆ ರೆಕಾರ್ಡು ಹಾಕಿ, ಮೊದಲ ಸ್ವರಕ್ಕೇ ಕಣ್ಣೊರೆಸಿಕೊಳ್ಳತೊಡಗಿದಳು. ಇವಳು ಮುಗಿಯುವವರೆಗೂ ಕಿಟಕಿಯ ಪರದೆ ನೋಡುತ್ತಾ ನೆಟ್ಟಗೆ ಕೂತಿದ್ದಳು.

“ಇದರಲ್ಲಿ ನಿಮ್ಮಣ್ಣನದು ಹೇಗಿತ್ತೇ? ಗುನುಗಿ ತೋರಿಸು.”

“ನಂಗೊತ್ತಿಲ್ಲ ಅತ್ತಿಗೆ.”

“ಅಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದೆಯಲ್ಲ!”

“ಅಮ್ಮನ ರಾಗಕ್ಕೆ ಜಾರಿಬಿಡ್ತಿದ್ದೆ. ಅದಕ್ಕೇ ಕಿವಿ ಮುಚ್ಕೊಂಡು ಹಾಡ್ತಿದ್ದೆ. ಅವರ್ಯಾರದೂ ಕೇಳಿಸ್ಕೊಂಡೇ ಇಲ್ಲ.”

ಬಾಯಿಂದ ಹೊರಬಿದ್ದ ಮೇಲೆಯೇ ಇವಳಿಗೆ ತಾನು ಹೇಳಿದ್ದೇನೆಂದು ತಿಳಿದದ್ದು. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ.

“ಹೋಗಲಿ, ನಿನ್ನದೇ ಹೇಳು.”

ಇವಳು ಗುನುಗಿದಳು. ಅತ್ತಿಗೆ ಕಾದಳು, ಕಾದಳು. “ಆಮೇಲೆ?”

“ಆಮೇಲೂ ಇದೇ.”

ಅತ್ತಿಗೆ ಅಳುವಿನ ನಡುವೆಯೇ ಫಕ್ಕನೆ ನಕ್ಕುಬಿಟ್ಟಳು. ಇವಳ ತುಟಿಗಳೂ ನಗುವಿನ ಆಕಾರಕ್ಕೆ ಬಂದವು, ಅಭ್ಯಾಸಬಲದಿಂದ.

“ತಗೊಂಡು ಹೋಗು, ನಿಮ್ಮ ಮನೆಯದು.”

“ನನ್ನ ಹತ್ರ ಹಾಕೋ ಮಷಿನ್ ಎಲ್ಲಿದೆ? ಇಲ್ಲೇ ಇರಲಿ.”

“ಹಾಗಾದ್ರೆ ಭಾನುವಾರ ಭಾನುವಾರ ಬಾ. ಅವರದು ಹೇಗಿತ್ತು ಅಂತ ಇಬ್ರೂ ಸೇರಿ ಹುಡುಕೋಣ.”

ಹುಡುಕಿದರು. ಚಳಿಗಾಲ ಕಳೆಯುವ ಹೊತ್ತಿಗೆ ಎರಡನೆಯ ದನಿ ಅರ್ಧದಷ್ಟು ಅತ್ತಿಗೆಯ ಬಾಯಿಗೆ ಬಂದಿತ್ತು, ಅಪಸ್ವರದಲ್ಲೇ. ಇವಳು ಎದುರು ಕೂತು ಕೇಳುತ್ತಿದ್ದಳು. ಅಳು ಆಗಲೂ ಬರಲಿಲ್ಲ. ಬಸ್ಸಿಗೆ ಹೊತ್ತಾದರೂ ಎದ್ದು ಹೋಗುತ್ತಿರಲಿಲ್ಲ, ಅಷ್ಟೇ.