ಬಿ ಅಂದರೆ ಬಿಳಿ

ಅವರ ಎಡ ಹುಬ್ಬಿನ ಕೆಳಗೆ, ಚರ್ಮದ ಒಳಗೆ, ಸಾಸಿವೆಕಾಳಿನಷ್ಟು ಒಂದು ಕೆಂಪು ಕಲ್ಲಿತ್ತು. ಬೆರಳಿಟ್ಟರೆ ಸ್ವಲ್ಪ ಜರುಗುತ್ತಿತ್ತು. ಇಂಗ್ಲೆಂಡಿನಲ್ಲಿ ಸ್ಪೀಡ್‌ವೇ ರೇಸಿನ ಬೈಕೊಂದರ ಹಿಂದಿನ ಚಕ್ರ ಎರಚಿದ ಕಲ್ಲು ಅದು. ಬೇಲಿಗೊರಗಿ ನೋಡುತ್ತಿದ್ದವರ ಮುಖದೊಳಗೆ ಹೊಕ್ಕು ಅಲ್ಲೇ ಉಳಿದುಬಿಟ್ಟಿತ್ತು. ಎಡ ಹುಬ್ಬು ಎಂದು ಬರೆದೆ. ನನ್ನ ಡೈರಿಯಲ್ಲೂ ಎಡ ಎಂದೇ ಇದೆ. ಆದರೆ ಅವರ ಮಗಳು ಕಳಿಸಿದ ಫೋಟೋದಲ್ಲಿ ಕಲ್ಲು ಬಲಗಡೆಗಿದೆ. ಸೆಲ್ಫಿಯಾದ್ದರಿಂದ ಅದಲುಬದಲಾಗಿರಬಹುದು. ಮೊದಲ ಸಾಲಿನಲ್ಲೇ ಎಡವುವವಳು ಇನ್ನೊಬ್ಬರನ್ನು ನೆನೆದು ಬರೆಯುವುದು ಎಷ್ಟು ಸರಿಯೋ ಗೊತ್ತಿಲ್ಲ. ಬರೆಯದೆ ಬಿಟ್ಟರೆ ಇರುವಷ್ಟೂ ಕರಗಿಹೋದೀತು ಎಂಬ ಭಯ ಅದಕ್ಕಿಂತ ದೊಡ್ಡದು.

ಸಿಂಗಪುರದ ಬೆಡೋಕ್‌ನ ನಮ್ಮ ಬ್ಲಾಕಿನಲ್ಲಿ ಅವರದು ಹತ್ತನೇ ಮಹಡಿ, ನನ್ನದು ಒಂಬತ್ತು. ಅವರ ಅಡುಗೆಮನೆಯ ನೆಲವೇ ನನ್ನ ಅಡುಗೆಮನೆಯ ಸೂರು. ಮೈಸೂರಿನವರು. ಹರೆಯದಲ್ಲಿ ಇಂಗ್ಲೆಂಡಿನ ಬೇರಿಂಗ್ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದು, ಆಮೇಲೆ ಸಿಂಗಪುರಕ್ಕೆ ಬಂದು, ಇಲ್ಲೇ ನಿವೃತ್ತರಾಗಿ, ಮಗಳು ಅಳಿಯನ ಜೊತೆ ಇದ್ದರು. ಮಗಳ ಆಫೀಸು ಬೂನ್ ಲೇಯಲ್ಲಿ, ದ್ವೀಪದ ಇನ್ನೊಂದು ತುದಿ. ಅಳಿಯ ಸದಾ ಪ್ರಯಾಣದಲ್ಲಿ. ವಾರದ ಐದು ದಿನ ಹಗಲಲ್ಲಿ ಅವರೊಬ್ಬರೇ. ನಾನು ಅಂಕಲ್ ಎನ್ನುತ್ತಿದ್ದೆ. ನಾನೊಂದು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿದ್ದೇನೆಂದು ಗೊತ್ತಾದ ದಿನದಿಂದ ಅವರು ನನ್ನನ್ನು ರಿಸ್ಕಮ್ಮ ಎಂದರು.

"ನಿಮ್ಮ ಆಫೀಸಲ್ಲಿ ರಿಸ್ಕ್ ಅಂದ್ರೆ ಒಂದು ಎಕ್ಸೆಲ್ ಶೀಟು. ಸಂಡೇ ಕೆಳಗೆ ಬನ್ನಿ ರಿಸ್ಕಮ್ಮ, ನಿಜವಾದ್ದು ತೋರಿಸ್ತೀನಿ."

ಕೆಳಗೆ ಎಂದರೆ ವಾಯ್ಡ್ ಡೆಕ್, ಬ್ಲಾಕಿನ ಬುಡದಲ್ಲಿ ಎಲ್ಲರಿಗೂ ಸೇರಿದ ತೆರೆದ ಪಡಸಾಲೆ. ಅಲ್ಲಿನ ಕಲ್ಲುಮೇಜಿನ ಮೇಲೆ ಭಾನುವಾರ ಬೆಳಿಗ್ಗೆ ಒಂದು ಟ್ಯಾಬ್ಲೆಟ್, ಫ್ಲಾಸ್ಕಿನಲ್ಲಿ ಕಾಫಿ, ಚೂಪು ಮಾಡಿದ ಎರಡು ಪೆನ್ಸಿಲ್. ನಾವು ಮಲಗಿದ್ದಾಗ ಇಂಗ್ಲೆಂಡಿನಲ್ಲಿ ನಡೆದುಹೋದ ರೇಸುಗಳ ರೆಕಾರ್ಡಿಂಗನ್ನು ಅವರು ಫಲಿತಾಂಶ ತಿಳಿಯದೆ ನೋಡಬೇಕು. ಇಡೀ ಬ್ಲಾಕಿಗೆ ಈ ನಿಯಮ ಗೊತ್ತಿತ್ತು. ಮೂರನೇ ಮಹಡಿಯ ಚೀನೀ ಆಂಟಿ ಮಾರ್ಕೆಟ್ಟಿನ ಚೀಲ ಹಿಡಿದು ಹಾದುಹೋಗುವಾಗ, "ಅಂಕಲ್, ಐ ನೋ ಹೂ ವಿನ್ ಆಲ್ರೆಡಿ," ಎಂದು ಕೆಣಕುತ್ತಿದ್ದಳು. ಅವರು ಎರಡೂ ಕಿವಿ ಮುಚ್ಚಿಕೊಂಡು, "ಡೋಂಟ್ ಟೆಲ್ ಲಾ, ಆಂಟಿ," ಎನ್ನುತ್ತಿದ್ದರು. ಆಕೆಗೆ ಸ್ಪೀಡ್‌ವೇ ಎಂದರೆ ಏನೆಂದೇ ತಿಳಿದಿರಲಿಲ್ಲ.

ನನಗೂ ತಿಳಿದಿರಲಿಲ್ಲ. ಮೊಟ್ಟೆಯಾಕಾರದ ಕೆಂಪು ಮಣ್ಣಿನ ಹಾದಿ. ನಾಲ್ಕು ಬೈಕು, ನಾಲ್ಕು ಸುತ್ತು, ಒಂದು ನಿಮಿಷ. ಒಂದೇ ಗೇರು. ಬ್ರೇಕ್ ಇಲ್ಲವೇ ಇಲ್ಲ. ತಿರುವು ಯಾವಾಗಲೂ ಎಡಕ್ಕೆ, ಹ್ಯಾಂಡಲ್ ಮಾತ್ರ ಬಲಕ್ಕೆ. ಬೈಕು ಅಡ್ಡಡ್ಡ ಜಾರುತ್ತಲೇ ಮುಂದೆ ಹೋಗುತ್ತದೆ. ಮೊದಲ ಭಾನುವಾರ ನಾನು ಎರಡು ರೇಸು ನೋಡಿ ಎದ್ದುಬಿಟ್ಟೆ.

"ಹೆದರಿಕೆ ಆಯ್ತಾ? ಗುಡ್. ಹೆದರ್ದೇ ಇರೋರು ಇದನ್ನ ನೋಡ್ಬಾರ್ದು," ಎಂದರು.

ಅವರು ಇದಕ್ಕೆ ಸಿಕ್ಕಿಬಿದ್ದದ್ದು ವಾಸನೆಯಿಂದ. ಇಂಗ್ಲೆಂಡಿಗೆ ಹೋದ ಹೊಸತು, ಯಾರೊಡನೆಯೂ ಕನ್ನಡ ಆಡದೆ ತಿಂಗಳುಗಳಾಗಿದ್ದವು. ಒಂದು ಶನಿವಾರ ಬಸ್ಸಿಳಿದು ನಡೆಯುತ್ತಿದ್ದಾಗ ಗಾಳಿಯಲ್ಲಿ ಹರಳೆಣ್ಣೆ ಸುಟ್ಟ ವಾಸನೆ ಬಂತು. ಅಜ್ಜಿ ಹಚ್ಚುತ್ತಿದ್ದ ದೀಪದ ವಾಸನೆ. ಹಿಂಬಾಲಿಸಿಕೊಂಡು ಹೋದರೆ ಸ್ಟೇಡಿಯಂ. ಆ ಬೈಕುಗಳ ಇಂಜಿನ್ನಿಗೆ ಆಗ ಹರಳೆಣ್ಣೆಯನ್ನೇ ಹಾಕುತ್ತಿದ್ದರಂತೆ. "ಇಡೀ ಊರಿಗೆ ತಲೆಗೆ ಎಣ್ಣೆ ಒತ್ತಿ ಕೂರಿಸಿದ ಹಾಗಿತ್ತು ರೀ," ಎನ್ನುತ್ತಿದ್ದರು. ಅಂದಿನಿಂದ ಶನಿವಾರ ತಪ್ಪಿಸಲಿಲ್ಲ. ಆಗ ಸಾವಿರಾರು ಜನ, ಕೊರಳಲ್ಲಿ ತಂಡದ ಬಣ್ಣದ ಶಾಲು, ವಿನೆಗರ್ ಹಾಕಿದ ಚಿಪ್ಸು, ಮುಖದ ತುಂಬ ಕೆಂಪು ಧೂಳು. ಈಗ ರೆಕಾರ್ಡಿಂಗಿನಲ್ಲಿ ಕಾಣುವುದು ಅರೆಖಾಲಿ ಮೆಟ್ಟಿಲುಗಳು, ಬಿಳಿಕೂದಲಿನ ತಲೆಗಳು. ಒಬ್ಬನೇ ಸವಾರ ಮೂರು ದೇಶಗಳ ತಂಡಗಳಿಗೆ ಆಡುತ್ತಾನೆ. "ಇವತ್ತು ನಮ್ಮೋನು, ನಾಡಿದ್ದು ಅವರೋನು. ಯಾರಿಗೆ ಅಂತ ಕೂಗ್ಲಿ?" ಒಂದೊಂದೇ ಟ್ರ್ಯಾಕ್ ಮಾರಾಟವಾಗಿ ಮನೆಗಳಾಗುತ್ತಿದ್ದವು. ಅವರ ಟ್ರ್ಯಾಕೂ ಆ ವರ್ಷ ಮುಚ್ಚುವುದಿತ್ತು. ಕೊನೆಯ ರೇಸಿಗೆ ಹೋಗಲು ಅವರು ಟಿಕೆಟ್ ಬುಕ್ ಮಾಡಿದ್ದರು. ಒಬ್ಬರೇ ಹೋಗುವವರಿದ್ದರು.

ಅವರ ಸ್ಕೋರು ಬರೆಯುವ ಕ್ರಮದ ಬಗ್ಗೆ ಹೇಳಬೇಕು. ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಪ್ರತಿ ರೇಸಿಗೂ ಮೊದಲು ಬಂದವನಿಗೆ ೩, ಆಮೇಲೆ ೨, ೧, ೦. ಇಂಗ್ಲೆಂಡಿನಲ್ಲಿ ಪಕ್ಕದಲ್ಲಿ ನಿಲ್ಲುತ್ತಿದ್ದ ಒಬ್ಬ ಸದಾ ಇವರ ಸ್ಕೋರ್‌ಕಾರ್ಡಿಗೆ ಇಣುಕಿ ನಕಲು ಮಾಡುತ್ತಿದ್ದನಂತೆ. ಅವನ ಕಾಟಕ್ಕೆ ಇವರು ಕನ್ನಡದಲ್ಲಿ ಬರೆಯತೊಡಗಿದರು. ಹೆಲ್ಮೆಟ್ಟಿನ ಬಣ್ಣಕ್ಕೆ ಕೆ, ನೀ, ಬಿ, ಹ: ಕೆಂಪು, ನೀಲಿ, ಬಿಳಿ, ಹಳದಿ. ಬಿದ್ದವನಿಗೆ ಅಂಕವಿಲ್ಲ, ಅವನ ಮುಂದೆ ಬರೀ ಬಿ.

"ಎರಡಕ್ಕೂ ಬಿ ಅಂದ್ರೆ ಕನ್‌ಫ್ಯೂಸ್ ಆಗಲ್ವಾ ಅಂಕಲ್?"

"ಎಡಗಡೆ ಕಾಲಂದು ಬಿಳಿ, ಬಲಗಡೆದು ಬಿದ್ದ. ಬ್ಯಾಂಕಿನೋರಿಗೆ ಇಷ್ಟೂ ಗೊತ್ತಾಗಲ್ವಾ?"

ಇನ್ನೊಂದು ಗುರುತಿತ್ತು, ಅಪರೂಪದ್ದು: ಬಿ ಬರೆದು ಸುತ್ತ ಒಂದು ಸೊನ್ನೆ. ಅದರ ಹಿಂದೆ ಒಂದು ಘಟನೆಯಿದೆ. ಅವರು ಮೂರನೇ ತಿರುವಿನ ಬೇಲಿಯ ಹತ್ತಿರ ನಿಂತಿದ್ದ ದಿನ, ಮುಂದೆ ಹೋಗುತ್ತಿದ್ದ ಹೊಸಬನೊಬ್ಬ ಬಿದ್ದ. ಹಿಂದಿನವನಿಗೆ ಬ್ರೇಕ್ ಇಲ್ಲ, ಜಾಗವೂ ಇಲ್ಲ. ಅವನು ತನ್ನ ಬೈಕನ್ನು ತಾನೇ ನೆಲಕ್ಕೆ ಕೆಡವಿ, ಬೇಲಿಗೆ ಹೋಗಿ ಅಪ್ಪಳಿಸಿದ. ನಾಲ್ಕೂ ಇಂಜಿನ್ನು ಒಂದೇ ಸಲ ನಿಂತವು.

"ಆ ಸೈಲೆನ್ಸ್ ಇದ್ಯಲ್ಲ, ಅದು ಕಿವಿಗೆ ಮೊದ್ಲು ಬರುತ್ತೆ. ಕಣ್ಣಿಗೆ ಆಮೇಲೆ. ಯಾರಾದ್ರೂ ಬಿದ್ರೆ ಬಿದ್ದೋನ್ನ ನೋಡ್ಬೇಡಿ ರಿಸ್ಕಮ್ಮ. ಹಿಂದೆ ಬರ್ತಿರೋನ್ನ ನೋಡಿ. ಅವನು ಬೈಕ್ ಬೀಳಿಸ್ತಾನಾ ಇಲ್ವಾ, ಅಷ್ಟೇ ಪ್ರಶ್ನೆ."

ಹೊಸಬ ಎದ್ದು ನಿಂತ. ಬೇಲಿಗೆ ಹೊಡೆದವನ ಹೆಗಲಮೂಳೆ ಮುರಿದಿತ್ತು. ಹಾಗೆ ಬೀಳಿಸಿಕೊಂಡವನದು ತಪ್ಪಲ್ಲವಾದ್ದರಿಂದ ರೇಸನ್ನು ಮತ್ತೆ ನಡೆಸುವಾಗ ಅವನಿಗೆ ಅವಕಾಶವಿರುತ್ತದೆ. ಮೊದಲು ಬಿದ್ದವನಿಗೆ ಇರುವುದಿಲ್ಲ. ಅದಕ್ಕೇ ಸೊನ್ನೆಯೊಳಗಿನ ಬಿ.

ಈಗ ನನ್ನ ವಿಷಯ. ಒಂದು ಭಾನುವಾರ ಕಾರ್ಡಿನ ಕೆಳಗಿನ ಅಂಚಿನಲ್ಲಿ, ಯಾವ ಕಾಲಮ್ಮೂ ಇಲ್ಲದ ಕಡೆ, ಸಣ್ಣಗೆ "ಬಿ, ಮಂಗಳ" ಎಂದು ಬರೆದಿತ್ತು. ಮಂಗಳವಾರ ರೇಸಿರಲಿಲ್ಲ. ಇದೇನೆಂದು ಕೇಳಿದೆ.

"ಅದಾ? ಬಿಳಿ," ಎಂದು ಕಾಫಿ ಬಗ್ಗಿಸಿದರು.

ನಾನು ನಂಬಿದೆ. ನಂಬಿದೆ ಎಂದೇ ನೆನಪು. ಆದರೆ ಡೈರಿ ತೆರೆದರೆ ಆ ಭಾನುವಾರ "ಬಿ ಅಂದರೆ ಬಿಳಿ" ಎಂದು ಬರೆದು ಮುಂದೆ ಪ್ರಶ್ನೆಚಿಹ್ನೆ ಹಾಕಿದ್ದೇನೆ. ಅದೇ ಪುಟದ ಮೇಲ್ಭಾಗದಲ್ಲಿ, ಮಂಗಳವಾರದ ಎದುರಿಗೆ: "ವರ್ಕ್ ಫ್ರಮ್ ಹೋಮ್. ಮೇಲಿನ ಮನೆಯಲ್ಲಿ ಏನೋ ಭಾರವಾದ್ದು ಬಿತ್ತು. ಕಾಲ್ ಮ್ಯೂಟ್ ಮಾಡಿ ಕೇಳಿಸಿಕೊಂಡೆ. ಮತ್ತೆ ಸದ್ದಿಲ್ಲ." ಎರಡೂ ನನ್ನದೇ ಅಕ್ಷರ. ಇವೆರಡನ್ನು ಕೂಡಿಸಲು ನನಗೆ ಎರಡು ವಾರ ಬೇಕಾಯಿತು. ಹೊಳೆಯಲಿಲ್ಲವೋ, ಬೇಡವೆನಿಸಿತೋ ಎಂದು ಇವತ್ತಿಗೂ ಆಣೆ ಮಾಡಿ ಹೇಳಲಾರೆ.

ಮೂರನೇ ಸಲ ಸದ್ದಾದಾಗ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದಿತ್ತು, ಹೊರಗಿನ ಕಬ್ಬಿಣದ ಗೇಟಿಗೂ ಬೀಗವಿರಲಿಲ್ಲ. ಅಡುಗೆಮನೆಯಲ್ಲಿ ಅವರು ವಾಷಿಂಗ್ ಮೆಷಿನ್ನಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದರು. ಒಂದು ಚಪ್ಪಲಿ ಎಲ್ಲೋ ಹೋಗಿತ್ತು. ನನ್ನನ್ನು ನೋಡಿ ನಗಲು ನೋಡಿದರು.

"ಎಷ್ಟು ಸಲ ಅಂಕಲ್?"

"ಕಾರ್ಡ್ ನೋಡಿದೀರಲ್ಲ."

"ನೀವು ಬಿಳಿ ಅಂದ್ರಿ."

"ಅರ್ಧ ಸತ್ಯ. ಬಿದ್ದಾಗ ಮುಖ ಬಿಳೀನೇ ಆಗುತ್ತೆ." ಆಮೇಲೆ ನನ್ನ ಮಣಿಕಟ್ಟು ಹಿಡಿದರು. ಕೈ ತಣ್ಣಗಿತ್ತು. "ಮಗಳಿಗೆ ಹೇಳ್ಬೇಡಿ. ಗೊತ್ತಾದ್ರೆ ಟಿಕೆಟ್ ಕ್ಯಾನ್ಸಲ್ ಮಾಡಿಸ್ತಾಳೆ. ಇನ್ನು ಮೂರೇ ವಾರ. ಹೋಗಿ ಬಂದ್ಮೇಲೆ ಡಾಕ್ಟರು, ಸ್ಕ್ಯಾನು, ಏನು ಬೇಕಾದ್ರೂ. ಪ್ರಾಮಿಸ್."

ಹೇಳುವುದಿಲ್ಲ ಎಂದೆ.

ಆಮೇಲಿನ ದಿನಗಳಲ್ಲಿ ನಾನು ಬದುಕಿದ್ದು ಸೂರಿನ ಕೆಳಗೆ. ಮನೆಯಿಂದಲೇ ಕೆಲಸ ಮಾಡಲು ಅನುಮತಿ ಕೇಳಿದೆ. ಕಾರಣ ಸುಳ್ಳು ಹೇಳಿದೆ. ಮಿಕ್ಸಿ ಹಾಕಲಿಲ್ಲ, ಫ್ಯಾನ್ ಕೂಡ ನಿಧಾನಕ್ಕೆ ಇಟ್ಟೆ. ಕುರ್ಚಿ ಎಳೆದ ಸದ್ದು, ನಲ್ಲಿಯ ಸದ್ದು, ಚಪ್ಪಲಿಯ ಸದ್ದು. ಸದ್ದಿದ್ದಷ್ಟು ಹೊತ್ತು ಉಸಿರಾಡುತ್ತಿದ್ದೆ. ನಿಂತರೆ ಎಣಿಸುತ್ತಿದ್ದೆ. ಅವರು ಲಂಡನ್ನಿನಲ್ಲಿ ಎಸ್ಕಲೇಟರಿನ ಮೇಲೆ ಬೀಳುವುದು, ಗುರುತಿಲ್ಲದವರು ಸುತ್ತ ನಿಲ್ಲುವುದು ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು. ಲಿಫ್ಟಿನಲ್ಲಿ ಅವರ ಮಗಳು ಸಿಕ್ಕರೆ ನಾನು ಫೋನು ನೋಡುತ್ತಿದ್ದೆ. "ಅಪ್ಪ ಈಗ್ಲೇ ಸೂಟ್‌ಕೇಸ್ ಪ್ಯಾಕ್ ಮಾಡಿ ಕೂತಿದಾರೆ," ಎಂದು ಅವಳೊಮ್ಮೆ ನಕ್ಕಳು. ನಾನೂ ನಕ್ಕೆ.

ಹೊರಡಲು ಎಂಟು ದಿನವಿದ್ದಾಗ, ಒಂದು ಮಧ್ಯಾಹ್ನ, ಸದ್ದಾಯಿತು. ಮೇಲೆ ಓಡಿದರೆ ಗೇಟಿಗೆ ಒಳಗಿನಿಂದ ಬೀಗ. ನಾನು ಬಂದುಬಿಡಬಾರದೆಂದು ಅವರೇ ಹಾಕಿಕೊಂಡಿದ್ದರು. ಕಂಬಿಯ ನಡುವಿನಿಂದ ಕೂಗಿದೆ.

"ಏನಿಲ್ಲ," ಎಂಬ ದನಿ ನೆಲದ ಮಟ್ಟದಿಂದ ಬಂತು. "ಹೋಗಿ ರಿಸ್ಕಮ್ಮ. ಎದ್ದೇಳ್ತಿದೀನಿ."

ಅವರು ಏಳುತ್ತಿರಲಿಲ್ಲ. ನಾನು ಅಲ್ಲೇ ಗೇಟಿಗೆ ಹಣೆಯಿಟ್ಟು ಅವರ ಮಗಳಿಗೆ ಫೋನ್ ಮಾಡಿದೆ. ನಾನಾಡಿದ ಪ್ರತಿ ಮಾತೂ ಅವರಿಗೆ ಕೇಳಿಸುತ್ತಿತ್ತು: ಎಷ್ಟು ಸಲ, ಯಾವ ಯಾವ ದಿನ, ನನಗೆ ಯಾವಾಗಿನಿಂದ ಗೊತ್ತು. ಫೋನ್ ಇಟ್ಟ ಮೇಲೆ ಒಳಗಿನಿಂದ ಒಂದೇ ಮಾತು ಬಂತು.

"ಬ್ರೇಕ್ ಹಾಕ್ಬಿಟ್ರಿ."

ಬಲಗೈ ಮಣಿಕಟ್ಟು ಮುರಿದಿತ್ತು. ಟಿಕೆಟ್ ರದ್ದಾಯಿತು. ಎರಡು ಭಾನುವಾರ ಕಲ್ಲುಮೇಜು ಖಾಲಿಯಿತ್ತು, ಚೀನೀ ಆಂಟಿ ಬಂದು, "ಅಂಕಲ್ ಆಂಗ್ರಿ ವಿತ್ ಯೂ ಆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನ ಮುಂದೆ ಎರಡು ಕಿತ್ತಳೆಹಣ್ಣು ಇಟ್ಟು ಹೋದಳು.

ಕೊನೆಯ ರೇಸಿನ ರೆಕಾರ್ಡಿಂಗ್ ಬಂದ ಭಾನುವಾರ ಅವರು ಇಳಿದು ಬಂದರು. ಬಲಗೈಗೆ ಪ್ಲಾಸ್ಟರು, ಎಡಗೈ ಮಗಳ ಹೆಗಲ ಮೇಲೆ. ನನ್ನ ಮುಖ ನೋಡಲಿಲ್ಲ. ಕೂತು, ಕಾರ್ಡನ್ನು ನನ್ನ ಕಡೆ ತಳ್ಳಿದರು.

"ನೀವೇ ಬರೀರಿ. ಕನ್ನಡದಲ್ಲಿ."

ಹದಿನೈದು ರೇಸು ನಾನೇ ಬರೆದೆ. ಅವರು ಬಣ್ಣ ಮತ್ತು ಅಂಕ ಬಿಟ್ಟು ಬೇರೇನೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಜನ ಬೇಲಿ ದಾಟಿ ಟ್ರ್ಯಾಕಿಗಿಳಿದು, ಬಗ್ಗಿ, ಆ ಕೆಂಪು ಮಣ್ಣನ್ನು ಡಬ್ಬಿಗಳಿಗೆ, ಜೇಬುಗಳಿಗೆ ತುಂಬಿಕೊಳ್ಳುವುದು ಕಾಣಿಸಿತು.

"ನಾನಿದ್ದಿದ್ರೆ ಟಿಫಿನ್ ಬಾಕ್ಸ್ ತಗೊಂಡ್ ಹೋಗ್ತಿದ್ದೆ," ಎಂದರು.

"ನಿಮ್ಮ ಹುಬ್ಬಲ್ಲೇ ಇದ್ಯಲ್ಲ ಅಂಕಲ್."

ಎಡಗೈ ಎತ್ತಿ ಕಲ್ಲನ್ನು ಮುಟ್ಟಿ ನೋಡಿಕೊಂಡರು. ನಕ್ಕರು ಎಂದೇ ನನ್ನ ನೆನಪು. ಆಮೇಲೆ ಪೆನ್ಸಿಲನ್ನು ಅದೇ ಎಡಗೈಯಲ್ಲಿ ತೆಗೆದುಕೊಂಡು, ಕಾರ್ಡಿನ ಕೆಳಗಿನ ಅಂಚಿನಲ್ಲಿ, ಸೊಟ್ಟಸೊಟ್ಟಾಗಿ, ಒಂದು ಬಿ ಬರೆದು ಸುತ್ತ ಸೊನ್ನೆ ಎಳೆದರು.

"ಯಾರದು ಇದು?"

"ಹಿಂದೆ ಬರ್ತಿದ್ದೋರದ್ದು."

ನಾಲ್ಕು ತಿಂಗಳ ನಂತರ ಅವರು ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಬಿದ್ದದ್ದರಿಂದಲ್ಲ. ಇಂಗ್ಲೆಂಡಿಗೆ ಹೋಗಿ ಬಂದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೋ ನನಗೆ ತಿಳಿಯದು. ಹದಿಮೂರನೆಯ ದಿನದ ಊಟದ ಮೇಲೆ ಮಗಳು ಆ ಕಾರ್ಡನ್ನು ನನ್ನ ಕೈಗಿಟ್ಟಳು. ಕೊನೆಯ ಗುರುತಿನ ಬಗ್ಗೆ ಹೇಳಿದೆ. ಅವಳು ಹುಬ್ಬು ಗಂಟಿಕ್ಕಿದಳು.

"ಅಪ್ಪ ಅವತ್ತು ಪೆನ್ಸಿಲ್ ಮುಟ್ಟಿದ್ದು ನಂಗೆ ನೆನಪಿಲ್ವಲ್ಲ. ಪೂರ್ತಿ ನೀವೇ ಅಲ್ವಾ ಬರ್ದಿದ್ದು?"

ಅವಳು ನಡುವೆ ಎದ್ದು ಹೋಗಿದ್ದಳೇ? ಮನೆಗೆ ಬಂದು ಅವತ್ತಿನ ಡೈರಿ ನೋಡಿದೆ. ಬರೆದಿಲ್ಲ, ಪುಟ ಖಾಲಿ. ಅದೊಂದು ದಿನ ನಾನೇಕೆ ಬರೆಯಲಿಲ್ಲ? ನನ್ನ ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಚೀಟಿಯೊಂದರಲ್ಲಿ ಸೊನ್ನೆಯೊಳಗೊಂದು ಬಿ ಬರೆದು ಕಾರ್ಡಿನ ಪಕ್ಕದಲ್ಲಿಟ್ಟೆ. ಎರಡೂ ಒಂದೇ ಥರ ಸೊಟ್ಟಗಿದ್ದವು. ಭಯವಾಗಿ ಅಳಿಸಿಬಿಟ್ಟೆ, ನನ್ನದನ್ನು.

ಮಗಳು ಅಳಿಯ ಬೇರೆಡೆಗೆ ಹೋದ ಮೇಲೆ ಅವರ ಮನೆಗೆ ಈಗ ಬಾಡಿಗೆಯವರು ಬಂದಿದ್ದಾರೆ, ಸೆಂಗ್‌ಕಾಂಗ್ ಕಡೆಯಿಂದ ಶಿಫ್ಟ್ ಆದ ಗಂಡಹೆಂಡತಿ. ಮೊನ್ನೆ ಬೆಳಿಗ್ಗೆ ಮೇಲೆ ದಡಕ್ಕನೆ ಸದ್ದಾಯಿತು. ಸ್ಟವ್ ಆರಿಸಿದ್ದು ನೆನಪಿಲ್ಲ. ಹತ್ತನೇ ಮಹಡಿಯ ಗೇಟಿನ ಮುಂದೆ ಬರಿಗಾಲಲ್ಲಿ ನಿಂತಿದ್ದೆ. ಆ ಹುಡುಗಿ ಬಾಗಿಲು ತೆರೆದು, ಕೈಯಲ್ಲಿದ್ದ ಡಂಬೆಲ್ ತೋರಿಸಿ, ಕ್ಷಮೆ ಕೇಳಿದಳು. ಇನ್ನು ಮುಂದೆ ನೆಲಕ್ಕೆ ಮ್ಯಾಟ್ ಹಾಕಿಕೊಳ್ಳುತ್ತೇವೆ ಎಂದಳು.

ಬೇಡ, ಹಾಕಬೇಡಿ ಎಂದೆ.