ಕುದಿಸಿದ ಮಾದರಿ

ಸಫಿಯಾ, ನಿನ್ನ ಮಾದರಿಯನ್ನು ಕುದಿಸಿದವಳು ನಾನು. ಎಲ್ಲರೆದುರು ಅದನ್ನು ಅಲ್ಲಗಳೆದವಳೂ ನಾನೇ.

ಮೂಡುಬಿದಿರೆಯಲ್ಲಿ ನಾವಿಬ್ಬರೂ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದ ಕೊನೆಯ ವರ್ಷವದು. ನಿನ್ನ ಪ್ರಾಜೆಕ್ಟು ಬ್ಯಾಕ್ಟೀರಿಯಾದ ಈಜುಬಾಲದ ಬಗ್ಗೆ. ಫ್ಲ್ಯಾಜೆಲಿನ್ ಎಂಬ ಒಂದೇ ಪ್ರೋಟೀನಿನ ಅಸಂಖ್ಯ ತುಣುಕುಗಳು ಹೆಣೆದುಕೊಂಡು ಆದ ಎಳೆ ಅದು ಎಂದು ನನಗೆ ತಿಳಿಯಪಡಿಸಿದವಳು ನೀನು.

"ನೋಡು ಮಾರಾಯ್ತಿ, ನಮ್ಮ ಜೀವಕೋಶ ಗುರುತು ಹಿಡಿಯುವ ಜಾಗ ಈ ತುಣುಕಿನ ಒಳಮೈಯಲ್ಲಿ ಉಂಟು. ಹೆಣೆದುಕೊಂಡಿರುವಾಗ ಅದು ಮುಚ್ಚಿಹೋಗ್ತದೆ. ಬಿಚ್ಚಿಕೊಂಡ್ರೆ ಸಾಕು, ದೇಹ ಗಲಾಟೆ ಎಬ್ಬಿಸ್ತದೆ."

ಆ ಗಲಾಟೆಯೇ ಉರಿಯೂತ. ರೂಪವೊಂದು ಬದಲಾದರೆ ದೇಹದ ಉತ್ತರವೇ ಬದಲಾಗುತ್ತದೆ — ಎಷ್ಟು ಚೆಂದದ ವಿಚಾರ! ಇಡಿಯ ಎಳೆಯನ್ನೂ ಬಿಚ್ಚಿದ ತುಣುಕುಗಳನ್ನೂ ಬೇರೆಬೇರೆಯಾಗಿ ಜೀವಕೋಶಗಳ ಮೇಲೆ ಹಾಕಿ, ಉರಿಯೂತದ ವ್ಯತ್ಯಾಸ ಅಳೆಯಲು ನೀನು ಹೊರಟಿದ್ದೆ.

ತಾಯಿಗೆ ಜ್ವರವೆಂದು ನೀನು ಬಂಟ್ವಾಳಕ್ಕೆ ಹೋಗುವಾಗ ಇಡಿಯ ಎಳೆಗಳ ಮಾದರಿಯನ್ನು ಫ್ರಿಜ್ಜಿನಲ್ಲಿಡಲು ನನಗೆ ಕೊಟ್ಟೆ. ಆಗ ನಾನು ನಾರಾವಿ, ಪುತ್ತಿಗೆಯೆಂದು ಊರೂರು ತಿರುಗಿ, ನೀರನ್ನು ಕುದಿಸಿಯೇ ಕುಡಿಯಿರಿ ಎಂದು ಭಾಷಣ ಮಾಡುತ್ತಿದ್ದೆ. ಕುದಿಸಿದರೆ ಎಲ್ಲ ಕೇಡೂ ಹೋಗುತ್ತದೆಂಬ ನಂಬಿಕೆ ಕೈಗೂ ಇಳಿದಿತ್ತೋ ಏನೋ — ಜೀವಂತ ಬ್ಯಾಕ್ಟೀರಿಯಾ ಉಳಿದಿದ್ದರೆ ಎಂದು ಹೆದರಿ, ಮಾದರಿಯ ಕೊಳವೆಯನ್ನು ಕುದಿನೀರಿನಲ್ಲಿಟ್ಟು ಆಮೇಲೆ ಫ್ರಿಜ್ಜಿಗೆ ಸೇರಿಸಿದೆ. ನಿನಗೆ ಹೇಳಲಿಲ್ಲ.

ನೀನು ಮರಳಿ ಬಂದು ಪ್ರಯೋಗ ಮಾಡಿದಾಗ ಎರಡೂ ಮಾದರಿಗಳು ಸಮಸಮನಾಗಿ ಉರಿಯೂತ ಎಬ್ಬಿಸಿದವು. ಮಾರ್ಗದರ್ಶಕರಾದ ಸರ್ ಇಡೀ ತರಗತಿಯೆದುರು ಮುಖ ಗಂಟಿಕ್ಕಿದರು.

"ಕೈಕೆಲಸ ಸರಿ ಇಲ್ಲಮ್ಮ ನಿಂದು. ಎಲ್ಲಿಯೋ ಕಲಬೆರಕೆ ಆಗಿದೆ."

ನೀನು ಫಲಿತಾಂಶವನ್ನೇ ದಿಟ್ಟಿಸುತ್ತಿದ್ದೆ. "ಕಲಬೆರಕೆ ಅಲ್ಲ ಸರ್. ಇಡಿಯ ಎಳೆಯೇ ಬಿಚ್ಚಿಕೊಂಡಿದೆ. ಬಿಸಿ ತಾಗಿದೆ ಇದಕ್ಕೆ."

ನನ್ನ ಕೃತ್ಯವನ್ನು ನೀನು ಪ್ರೋಟೀನಿನ ನಡತೆಯಲ್ಲೇ ಓದಿದ್ದೆ! ಅಂಥ ಬುದ್ಧಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಆಮೇಲೆ ನನ್ನ ಕಡೆ ತಿರುಗಿದೆ.

"ನೀನು ಬಿಸಿ ಮಾಡಿದ್ದುಂಟಾ? ಹೇಳು, ನಾನು ಬೈಯುವುದಿಲ್ಲ."

"ಇಲ್ಲ," ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ — ಇಲ್ಲ, ಚರ್ಚಾಸ್ಪರ್ಧೆಯ ನಾಲಗೆ ನನ್ನದು. "ಫಲಿತಾಂಶ ಬೇಕಾದ ಹಾಗೆ ಬರದಿದ್ರೆ ಬೇರೆಯವರ ತಲೆಗೆ ಕಟ್ಟುವುದಾ? ಆಧಾರ ಏನುಂಟು?"

"ಇವಳ ಹತ್ರ ವಾದ ಮಾಡಿ ಯಾರು ಗೆದ್ದಿದ್ದಾರೆ ಮಾರಾಯ್ರೆ!" ಎಂದರು ಸರ್. ಎಲ್ಲರೂ ನಕ್ಕರು. ನೀನು ನಗಲಿಲ್ಲ.

ಸಂಶೋಧನೆಗೆ ಸರ್ ನಿನ್ನ ಹೆಸರನ್ನು ಶಿಫಾರಸು ಮಾಡಲಿಲ್ಲ. ನೀನು ಬಂಟ್ವಾಳದ ರಕ್ತಪರೀಕ್ಷಾ ಕೇಂದ್ರಕ್ಕೆ ಸೇರಿದೆ. ನಾನು ಬೆಳ್ತಂಗಡಿಯ ವೇದಿಕೆಗಳಲ್ಲಿ ಸತ್ಯ, ವೈಚಾರಿಕತೆ ಎಂದು ಮಾತಾಡಿ ಹಾರ ಹಾಕಿಸಿಕೊಂಡೆ.

ನೀನು ಮತ್ತೆ ಸಂಶೋಧನೆಗೆ ಅರ್ಜಿ ಹಾಕಿರುವೆಯೆಂದೂ, ನಿನ್ನ ಬಗ್ಗೆ ಅಭಿಪ್ರಾಯ ಬರೆಯಬೇಕಾದವರು ಅದೇ ಸರ್ ಎಂದೂ ಮೊನ್ನೆ ತಿಳಿಯಿತು. ನಿನ್ನ ಕೈಯಲ್ಲಿ ದೋಷವಿರಲಿಲ್ಲ. ನೀನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕಳೆದ ವರ್ಷಗಳನ್ನು ನಾನು ಹಿಂತಿರುಗಿಸಲಾರೆ. ಕ್ಷಮಿಸು ಎಂದು ಕೇಳಿ ಆ ಭಾರವನ್ನೂ ನಿನ್ನ ಮೇಲೆ ಹೊರಿಸಲಾರೆ.

ಇದನ್ನು ಬರೆಯುತ್ತಿರುವುದು ಸರ್ ಅವರ ಕೊಠಡಿಯ ಹೊರಗಿನ ಬೆಂಚಿನಲ್ಲಿ. ಅವರು ಇನ್ನೂ ಏನನ್ನೂ ಬರೆದಿಲ್ಲವಂತೆ. ಬಾಗಿಲು ತೆರೆದಿದೆ — ಒಳಗೆ ಹೋಗುತ್ತಿದ್ದೇನೆ.